ಕುಸಿದ ಆತ್ಮವಿಶ್ವಾಸವನ್ನು ಮತ್ತೆ ಕಟ್ಟಿಕೊಳ್ಳಲು ವಿಕಾಸ ಮನೋವಿಜ್ಞಾನದ ದಾರಿ

ಕೀಳರಿಮೆಯಲ್ಲಿ ಬೇಯುವವರಿಗೆ ಎಲ್ಲರೂ ಕೊಡುವ ಸಲಹೆ ಎರಡು: 'ನಿಮ್ಮನ್ನು ನೀವು ಪ್ರೀತಿಸಿ', 'ಬೇರೆಯವರು ಏನಂದುಕೊಳ್ಳುತ್ತಾರೋ ಎಂದು ತಲೆ ಕೆಡಿಸಿಕೊಳ್ಳಬೇಡಿ'. ಕೇಳಲು ಚೆನ್ನಾಗಿದ್ದರೂ ಇವು ಹೆಚ್ಚು ದಿನ ಕೈಹಿಡಿಯುವುದಿಲ್ಲ. ನಮ್ಮ ಮನಸ್ಸು ಪೂರ್ವಜರ ಬದುಕಿನಲ್ಲಿ ಹೇಗೆ ರೂಪುಗೊಂಡಿತು ಎಂದು ಹುಡುಕುವ ವಿಕಾಸ ಮನೋವಿಜ್ಞಾನದ ಪ್ರಕಾರ ಸ್ವಮೌಲ್ಯದ ಭಾವನೆ ಇರುವುದೇ ಬೇರೆಯವರ ಲೆಕ್ಕದಲ್ಲಿ ನಾವು ಎಲ್ಲಿದ್ದೇವೆ ಎಂದು ಅಳೆಯಲಿಕ್ಕೆ. ಅಳತೆಯ ಮುಳ್ಳನ್ನು ಬೆರಳಿನಿಂದ ಮೇಲೆತ್ತಿ ಹಿಡಿದರೆ ಕೈಬಿಟ್ಟ ಕೂಡಲೇ ಅದು ಕೆಳಗಿಳಿಯುತ್ತದೆ. ಮಾಡಬೇಕಾದ ಕೆಲಸ ಎರಡು. ಮಾಪಕ ತಪ್ಪು ತೋರಿಸುತ್ತಿದ್ದರೆ ಸರಿಪಡಿಸಬೇಕು, ಸರಿಯಾಗಿಯೇ ತೋರಿಸುತ್ತಿದ್ದರೆ ಅದು ಅಳೆಯುತ್ತಿರುವ ಬದುಕನ್ನು ಬದಲಿಸಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಎರಡರಲ್ಲಿ ಒಂದಕ್ಕೆ ಸೇರುತ್ತವೆ.

ಈ ಭಾವನೆ ಅಳೆಯುವುದು ಏನನ್ನು?

1995ರಲ್ಲಿ ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಲಿಯರಿ ಮತ್ತು ಸಂಗಡಿಗರು 'ಸೋಶಿಯೋಮೀಟರ್' ಎಂಬ ಸಿದ್ಧಾಂತವನ್ನು ಮುಂದಿಟ್ಟರು. ಬೇಟೆ ಮತ್ತು ಆಹಾರ ಸಂಗ್ರಹದಿಂದ ಬದುಕುತ್ತಿದ್ದ ಸಣ್ಣ ಗುಂಪುಗಳಲ್ಲಿ ಒಬ್ಬಂಟಿಯಾದವನಿಗೆ ಉಳಿಗಾಲವಿರಲಿಲ್ಲ. ಆಹಾರದ ಪಾಲು, ರಕ್ಷಣೆ, ಕಾಯಿಲೆ ಬಿದ್ದಾಗ ಆರೈಕೆ, ಮಕ್ಕಳನ್ನು ಸಾಕಲು ನೆರವು, ಎಲ್ಲವೂ ಬರುತ್ತಿದ್ದದ್ದು ಗುಂಪಿನಿಂದ. ಗುಂಪು ನಮ್ಮನ್ನು ಕೈಬಿಡುವ ಸೂಚನೆಯನ್ನು ಬೇಗ ಗ್ರಹಿಸಿ, ನೋವಿನ ಮೂಲಕ ತಿಳಿಸುವ ವ್ಯವಸ್ಥೆ ಮನಸ್ಸಿನಲ್ಲಿ ಬೆಳೆಯಲು ಇದೇ ಕಾರಣ ಎಂಬುದು ವಾದ. ಆ ನೋವಿನ ಹೆಸರೇ 'ನಾನು ಯಾವುದಕ್ಕೂ ಯೋಗ್ಯನಲ್ಲ' ಎಂಬ ಭಾವ.

ಲಿಯರಿ ತಂಡದ ಪ್ರಯೋಗವೊಂದರಲ್ಲಿ ಕೆಲವರನ್ನು ಗುಂಪಿನಿಂದ ಹೊರಗಿಟ್ಟು, ಕಾರಣವನ್ನು ಎರಡು ರೀತಿಯಲ್ಲಿ ಹೇಳಲಾಯಿತು. 'ಯಾರನ್ನು ಹೊರಗಿಡಬೇಕೆಂಬುದು ಸುಮ್ಮನೆ ಯಾದೃಚ್ಛಿಕವಾಗಿ ನಿರ್ಧಾರವಾಯಿತು' ಎಂದಾಗ ಸ್ವಮೌಲ್ಯ ಕುಸಿಯಲಿಲ್ಲ. 'ಉಳಿದವರು ನಿಮ್ಮನ್ನು ಆಯ್ಕೆ ಮಾಡಲಿಲ್ಲ' ಎಂದಾಗ ಕುಸಿಯಿತು. ಹೊರಗುಳಿದದ್ದು ಎರಡೂ ಕಡೆ ಒಂದೇ. ಚುಚ್ಚಿದ್ದು ತಿರಸ್ಕಾರ ಮಾತ್ರ. 'ಯಾರ ಮೆಚ್ಚುಗೆಯೂ ನನಗೆ ಬೇಕಿಲ್ಲ' ಎನ್ನುವವರನ್ನು ಅದೇ ಲಿಯರಿ 2003ರಲ್ಲಿ ಪರೀಕ್ಷಿಸಿದರು. ಅವರ ಮುಳ್ಳೂ ಉಳಿದವರಷ್ಟೇ ಅಲುಗಾಡಿತು. ಆದ್ದರಿಂದ ಜನರ ಮಾತು ತಾಗದಂಥ ಮನಸ್ಸನ್ನು ಬೆಳೆಸಿಕೊಳ್ಳುವ ಗುರಿಯನ್ನು ಇಲ್ಲಿಯೇ ಬಿಟ್ಟುಬಿಡಿ.

ಮಾಪಕ ಒಂದೇ ಅಲ್ಲ ಎನ್ನುವುದು ಮುಖ್ಯ. ಲೀ ಕರ್ಕ್‌ಪ್ಯಾಟ್ರಿಕ್ ಮತ್ತು ಬ್ರೂಸ್ ಎಲಿಸ್ 2001ರಲ್ಲಿ ಹೇಳಿದಂತೆ, ಸ್ನೇಹ, ಕುಟುಂಬ, ಸಂಗಾತಿಯ ಆಯ್ಕೆ, ಪೈಪೋಟಿ ಹೀಗೆ ಬೇರೆಬೇರೆ ಸಂಬಂಧಗಳಿಗೆ ಬೇರೆಬೇರೆ ಮಾಪಕಗಳಿರಬೇಕು. ನಂತರ ಬಂದ 'ಹೈರೋಮೀಟರ್' ಕಲ್ಪನೆ, ನಮ್ಮನ್ನು ಸೇರಿಸಿಕೊಂಡಿದ್ದಾರೆಯೇ ಎನ್ನುವುದರ ಜೊತೆಗೆ ಎಷ್ಟು ಗೌರವಿಸುತ್ತಾರೆ ಎನ್ನುವುದನ್ನೂ ಸ್ವಮೌಲ್ಯ ಅಳೆಯುತ್ತದೆ ಎನ್ನುತ್ತದೆ. ದಿನಬಳಕೆಗೆ ಮೂರು ಸಾಕು: ಸೇರಿಕೆ (ನನ್ನನ್ನು ತಮ್ಮವನೆಂದು ನೋಡುತ್ತಾರೆಯೇ), ಸ್ಥಾನ (ನನ್ನ ಮಾತಿಗೆ, ಕೆಲಸಕ್ಕೆ ಬೆಲೆ ಇದೆಯೇ), ಸಂಗಾತಿ (ನನ್ನನ್ನು ಬಯಸುವವರಿದ್ದಾರೆಯೇ). ಪ್ರೇಮ ಮುರಿದುಬಿದ್ದವನು ಉದ್ಯೋಗದಲ್ಲಿ ಬಡ್ತಿ ಪಡೆದರೂ ಒಳಗಿನ ತಳಮಳ ಹೋಗುವುದಿಲ್ಲ. ಕುಸಿದದ್ದು ಒಂದು ಮಾಪಕ, ಅವನು ತುಂಬುತ್ತಿರುವುದು ಇನ್ನೊಂದನ್ನು.

ಒಂದು ಎಚ್ಚರಿಕೆಯನ್ನೂ ಹೇಳಿಬಿಡಬೇಕು. ತಿರಸ್ಕಾರದಿಂದ ಸ್ವಮೌಲ್ಯ ಕುಸಿಯುತ್ತದೆ ಎನ್ನುವುದಕ್ಕೆ ಪ್ರಯೋಗಗಳ ಗಟ್ಟಿ ಆಧಾರವಿದೆ. ಅದು ಪೂರ್ವಜರ ಕಾಲದಲ್ಲಿ ಇಂಥದೇ ಕಾರಣಕ್ಕೆ ಬೆಳೆಯಿತು ಎನ್ನುವುದು ಊಹೆ. ಒಳ್ಳೆಯ ಊಹೆಯೇ, ಆದರೂ ಊಹೆ. ಕೆಳಗಿನ ಅಭ್ಯಾಸಗಳು ಮೊದಲನೆಯದರ ಮೇಲೆ ನಿಂತಿವೆ.

ಮಾಪಕ ಏಕೆ ಕೆಳಗೇ ತೋರಿಸುತ್ತದೆ

ವೈದ್ಯ ರ‍್ಯಾಂಡಾಲ್ಫ್ ನೆಸ್ಸೆ ಇದಕ್ಕೆ 'ಹೊಗೆ ಎಚ್ಚರಿಕೆ ಯಂತ್ರದ ತತ್ವ' ಎಂದು ಹೆಸರಿಟ್ಟಿದ್ದಾರೆ. ಸುಳ್ಳು ಎಚ್ಚರಿಕೆಯಿಂದ ಆಗುವ ನಷ್ಟ ಸ್ವಲ್ಪ ಕಿರಿಕಿರಿ. ನಿಜವಾದ ಬೆಂಕಿಯನ್ನು ಗುರುತಿಸದಿದ್ದರೆ ಮನೆಯೇ ಹೋಗುತ್ತದೆ. ಹಾಗಾಗಿ ಸರಿಯಾಗಿ ಕೆಲಸ ಮಾಡುವ ಯಂತ್ರವೂ ಆಗಾಗ ಸುಮ್ಮಸುಮ್ಮನೆ ಕೂಗುತ್ತದೆ. ತಿರಸ್ಕಾರದ ಎಚ್ಚರಿಕೆಯೂ ಹೀಗೆಯೇ. ಸಂದೇಶಕ್ಕೆ ಉತ್ತರ ತಡವಾದರೆ, ಸಭೆಯಲ್ಲಿ ಯಾರೋ ಮುಖ ತಿರುಗಿಸಿದರೆ, ಅದು ಕೂಗುತ್ತದೆ. ಕೂಗಿದ ಮಾತ್ರಕ್ಕೆ ಯಂತ್ರ ಕೆಟ್ಟಿಲ್ಲ, ಬೆಂಕಿಯೂ ಬಿದ್ದಿಲ್ಲ.

ಇದು ಎಷ್ಟು ಸೂಕ್ಷ್ಮ ಎನ್ನುವುದು ಕಿಪ್ಲಿಂಗ್ ವಿಲಿಯಮ್ಸ್ ಅವರ 'ಸೈಬರ್‌ಬಾಲ್' ಆಟದಿಂದ ಗೊತ್ತಾಗುತ್ತದೆ. ಪರದೆಯ ಮೇಲೆ ಚೆಂಡು ಎಸೆಯುವ ಕೆಲವೇ ನಿಮಿಷಗಳ ಆಟ. ಉಳಿದ ಇಬ್ಬರು ಸ್ವಲ್ಪ ಹೊತ್ತಿನಲ್ಲಿ ನಿಮಗೆ ಚೆಂಡು ಕೊಡುವುದನ್ನು ನಿಲ್ಲಿಸುತ್ತಾರೆ. ಅಷ್ಟಕ್ಕೇ ಸ್ವಮೌಲ್ಯ ಇಳಿಯುತ್ತದೆ. ಎದುರಿಗಿರುವುದು ಬರೀ ಕಂಪ್ಯೂಟರ್ ಎಂದು ಮೊದಲೇ ಹೇಳಿದ್ದರೂ ಇಳಿಯುತ್ತದೆ. ತಿಳಿವಳಿಕೆಯಿಂದ ಮೊದಲ ಚುಚ್ಚು ತಪ್ಪುವುದಿಲ್ಲ. ನಿಮ್ಮ ಕೈಯಲ್ಲಿರುವುದು ಆಮೇಲಿನ ಗಂಟೆಗಳು.

ಮಾಪಕವನ್ನು ಇನ್ನಷ್ಟು ಕೆಡಿಸುವುದು ಇಂದಿನ ಹೋಲಿಕೆಯ ಪ್ರಮಾಣ. ಮನುಷ್ಯರು ತಮ್ಮನ್ನು ಸುತ್ತಲಿನವರೊಂದಿಗೆ ಹೋಲಿಸಿಕೊಂಡೇ ಅಳೆದುಕೊಳ್ಳುತ್ತಾರೆ ಎಂದು ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಬರೆದರು. ಸಣ್ಣ ಗುಂಪಿನಲ್ಲಿ ಪ್ರತಿಯೊಬ್ಬರೂ ಯಾವುದಾದರೂ ಒಂದರಲ್ಲಿ ಮೇಲಿನ ಸಾಲಿನಲ್ಲಿರಲು ಸಾಧ್ಯ. ಒಬ್ಬ ಚೆನ್ನಾಗಿ ಹಾಡಿದರೆ ಇನ್ನೊಬ್ಬಳು ದಾರಿ ಚೆನ್ನಾಗಿ ಬಲ್ಲವಳು. ಇಂದು ಫೋನಿನ ಪರದೆ ಜಗತ್ತಿನ ಅತಿ ಚೆಲುವರನ್ನು, ಅತಿ ಯಶಸ್ವಿಗಳನ್ನು ಅವರ ಅತ್ಯುತ್ತಮ ಕ್ಷಣದಲ್ಲೇ ತೋರಿಸುತ್ತದೆ. ಅಂಥವರ ಎದುರು ಯಾರ ಮುಳ್ಳು ತಾನೇ ಮೇಲೆ ನಿಂತೀತು?

ಮೂರನೆಯದು ಹಳೆಯ ಅನುಭವ. ಬಾಲ್ಯದಲ್ಲಿ ಸದಾ ಹೀಯಾಳಿಸಿಕೊಂಡವರ, ವರ್ಷಗಟ್ಟಲೆ ಅವಮಾನಿಸುವ ಸಂಗಾತಿಯೊಂದಿಗೆ ಅಥವಾ ಮೇಲಧಿಕಾರಿಯ ಕೈಕೆಳಗೆ ಬದುಕಿದವರ ಮಾಪಕ ಆ ಪರಿಸರಕ್ಕೆ ತಕ್ಕಂತೆ ಹೊಂದಿಕೊಂಡಿರುತ್ತದೆ. ಅಲ್ಲಿ ಅದು ಸರಿಯಾಗಿಯೇ ಇತ್ತು. ಪರಿಸರ ಬದಲಾದ ಮೇಲೂ ಹಳೆಯ ಗುರುತುಗಳನ್ನೇ ಓದುತ್ತಿರುವುದು ತೊಂದರೆ.

ಹದಿನಾಲ್ಕು ದಿನಗಳ ದಾಖಲೆ

ಯಾವುದನ್ನೂ ಬದಲಿಸುವ ಮೊದಲು ಎರಡು ವಾರ ಬರೆಯಿರಿ. ಒಂದು ಪುಟ್ಟ ಪುಸ್ತಕ ಸಾಕು. ಮುಳ್ಳು ಅಲುಗಾಡಿದಾಗಲೆಲ್ಲ ಒಂದು ಸಾಲು. ದಿನಕ್ಕೆ ಮೂರರಿಂದ ಐದು ಸಾಲು ಸಿಕ್ಕರೆ ಚೆನ್ನ. ಪ್ರತಿ ಸಾಲಿನಲ್ಲಿ ನಾಲ್ಕು ವಿಷಯಗಳಿರಲಿ: ಸಮಯ, ನಡೆದದ್ದು, ಯಾವ ಮಾಪಕ, ಎಷ್ಟು ಅಲುಗಾಡಿತು (ಮೈನಸ್ 3ರಿಂದ ಪ್ಲಸ್ 3ರವರೆಗೆ).

'ನಡೆದದ್ದು' ಎನ್ನುವ ಜಾಗದಲ್ಲಿ ಕ್ಯಾಮೆರಾ ಹಿಡಿಯಬಹುದಾದಷ್ಟನ್ನೇ ಬರೆಯಬೇಕು. 'ಅವಳು ನನ್ನನ್ನು ಕಡೆಗಣಿಸಿದಳು' ಎನ್ನುವುದು ತೀರ್ಪು. 'ನಾನು ನಮಸ್ಕಾರ ಹೇಳಿದೆ, ಅವಳು ಫೋನ್ ನೋಡುತ್ತ ಮುಂದೆ ಹೋದಳು' ಎನ್ನುವುದು ಘಟನೆ. ಹೆಚ್ಚಿನವರು ತಪ್ಪುವುದು ಇಲ್ಲೇ. ತೀರ್ಪುಗಳನ್ನೇ ಬರೆದಿಟ್ಟರೆ ಎರಡು ವಾರದ ಕೊನೆಗೆ ಕೈಯಲ್ಲಿ ಉಳಿಯುವುದು ದಾಖಲೆಯಲ್ಲ, ತನ್ನ ಮೇಲೆ ತಾನೇ ಹೊರಿಸಿಕೊಂಡ ಆರೋಪಪಟ್ಟಿ.

ಪ್ಲಸ್ ಸಾಲುಗಳನ್ನೂ ಬರೆಯಲೇಬೇಕು, ದಿನಕ್ಕೆ ಕನಿಷ್ಠ ಒಂದು. ಯಾರೋ ಸಲಹೆ ಕೇಳಿದರು, ನಿಮಗಾಗಿ ಕಾದರು, ನಿಮ್ಮ ಹೆಸರು ಹಿಡಿದು ಕರೆದರು, ಇಂಥವು. ಎಚ್ಚರಿಕೆಯ ಯಂತ್ರ ಬೆಂಕಿ ಇಲ್ಲದ ಹೊತ್ತನ್ನು ವರದಿ ಮಾಡುವುದಿಲ್ಲ; ಕಣ್ಣಿಟ್ಟು ಹುಡುಕದಿದ್ದರೆ ಇವು ಲೆಕ್ಕಕ್ಕೇ ಬರುವುದಿಲ್ಲ.

ಹದಿನೈದನೆಯ ದಿನ ಮೈನಸ್ ಸಾಲುಗಳನ್ನು ಮಾಪಕದ ಪ್ರಕಾರ ಎಣಿಸಿ. ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಒಂದೇ ಕಡೆ ಗುಂಪಾಗಿರುತ್ತವೆ. ಕೆಲಸ ಅಲ್ಲಿಂದ ಶುರು. ಯಾವ ವ್ಯಕ್ತಿ, ಯಾವ ಜಾಗ, ದಿನದ ಯಾವ ಹೊತ್ತು ಪದೇಪದೇ ಬರುತ್ತದೆ ಎಂದೂ ನೋಡಿ. ರಾತ್ರಿ ನಿದ್ದೆಗೆಟ್ಟು ಫೋನ್ ನೋಡುವ ಹೊತ್ತೇ ಮತ್ತೆ ಮತ್ತೆ ಬಂದಿದ್ದರೆ ಅರ್ಧ ಪರಿಹಾರ ಅಲ್ಲೇ ಸಿಕ್ಕಿತು.

ಸುಳ್ಳು ಎಚ್ಚರಿಕೆಯೋ, ನಿಜವೋ?

ಮೈನಸ್ 2 ಅಥವಾ 3 ಬಂದ ಸಾಲುಗಳನ್ನು ಮಾತ್ರ ಮರುದಿನ ಪರೀಕ್ಷಿಸಿ. ಅದೇ ಗಳಿಗೆಯಲ್ಲಿ ಬೇಡ. ಮೈ ಬಿಸಿಯಾಗಿರುವಾಗ ಎಲ್ಲ ಎಚ್ಚರಿಕೆಯೂ ನಿಜವೆನಿಸುತ್ತದೆ. ಕೇಳಬೇಕಾದ ಪ್ರಶ್ನೆಗಳು ಮೂರು. ಈ ಘಟನೆಗೆ ನನಗೆ ಸಂಬಂಧವೇ ಇಲ್ಲದ ಎರಡು ಕಾರಣಗಳು ಇರಬಹುದೇ? ಈ ವ್ಯಕ್ತಿಯ ಅಭಿಪ್ರಾಯದಿಂದ ನನ್ನ ಬದುಕಿನಲ್ಲಿ ನಿಜವಾಗಿ ಏನಾದರೂ ಬದಲಾಗುತ್ತದೆಯೇ? ಇದೇ ಸೂಚನೆ ಬೇರೆಬೇರೆ ಮೂವರಿಂದ, ಬೇರೆಬೇರೆ ಸಂದರ್ಭದಲ್ಲಿ ಬಂದಿದೆಯೇ?

ಮೊದಲ ಪ್ರಶ್ನೆಗೆ ಹೌದು, ಉಳಿದೆರಡಕ್ಕೆ ಇಲ್ಲ ಎಂದಾದರೆ ಸುಳ್ಳು ಎಚ್ಚರಿಕೆ ಎಂದು ಗುರುತು ಹಾಕಿ ಮುಂದೆ ಹೋಗಿ. ಈ ಉತ್ತರವೇ ಹೆಚ್ಚು ಬಾರಿ ಬರುತ್ತದೆ, ಕಾರಣವೂ ಇದೆ. ತಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರ ತರುವ ಟೀ ಶರ್ಟ್ ತೊಡಿಸಿ ಕೋಣೆಯೊಳಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಗಮನಿಸಿರಬೇಕು ಎಂದು ತೊಟ್ಟವರು ಅಂದಾಜಿಸಿದರು. ನಿಜವಾಗಿ ಗಮನಿಸಿದವರು ಕಾಲುಭಾಗದಷ್ಟು. ಎರಿಕಾ ಬೂತ್‌ಬಿ ಮತ್ತು ಸಹಸಂಶೋಧಕರು 2018ರಲ್ಲಿ ತೋರಿಸಿದ್ದು ಇನ್ನೂ ಉಪಯುಕ್ತ: ಅಪರಿಚಿತರಿಬ್ಬರು ಮಾತಾಡಿದ ಮೇಲೆ, ತಾನು ಎದುರಿನವರಿಗೆ ಎಷ್ಟು ಇಷ್ಟವಾದೆ ಎಂಬುದನ್ನು ಜನ ಸಾಮಾನ್ಯವಾಗಿ ಇದ್ದದ್ದಕ್ಕಿಂತ ಕಡಿಮೆಯಾಗಿಯೇ ಊಹಿಸುತ್ತಾರೆ.

ಮೂರನೆಯ ಪ್ರಶ್ನೆಗೆ ಹೌದು ಎಂದಾದರೆ ಅದನ್ನು ಸಮಾಧಾನದ ಮಾತಿನಿಂದ ಮುಚ್ಚಬೇಡಿ. ಮಾತಿನ ಮಧ್ಯೆ ಬಾಯಿ ಹಾಕುವುದು, ಕೊಟ್ಟ ಮಾತಿಗೆ ತಪ್ಪುವುದು, ಸದಾ ದೂರುವುದು, ಇಂಥ ಯಾವುದೋ ನಡವಳಿಕೆ ಇರಬಹುದು. ಇಲ್ಲವೇ ಆ ಗುಂಪೇ ನಿಮಗೆ ಒಗ್ಗದ್ದಿರಬಹುದು. ನಂಬಿಕಸ್ಥ ಒಬ್ಬರನ್ನು 'ನನ್ನ ಜೊತೆ ಕೆಲಸ ಮಾಡುವಾಗ ಕಷ್ಟವೆನಿಸುವ ಒಂದು ಸಂಗತಿ ಯಾವುದು?' ಎಂದು ಕೇಳಿ. 'ನಾನು ಹೇಗಿದ್ದೇನೆ?' ಎಂದು ಕೇಳಿದರೆ ಮುಲಾಜಿನ ಉತ್ತರವೇ ಬರುತ್ತದೆ.

ಮಾಪಕಕ್ಕೆ ನಿಜವಾದ ಮೇವು

ಇದೇ ಮುಖ್ಯ ಕೆಲಸ, ಕನಿಷ್ಠ ಮೂರು ತಿಂಗಳು ಬೇಕು.

*ಸೇರಿಕೆ.* ನೂರು ಜನರ ಪರಿಚಯಕ್ಕಿಂತ ಐದರಿಂದ ಹದಿನೈದು ಜನರ, ವಾರಕ್ಕೊಮ್ಮೆಯಾದರೂ ಮುಖಾಮುಖಿ ಸೇರುವ, ಒಟ್ಟಿಗೆ ಏನನ್ನೋ ಮಾಡುವ ಗುಂಪು ಬೇಕು. ಆಟ, ಹಾಡು, ಓದು, ಸೇವೆ, ಯಾವುದಾದರೂ ಸರಿ. ಬರೀ ಕೂತು ಮಾತಾಡುವ ಗುಂಪು ಆರಂಭಕ್ಕೆ ಕಷ್ಟ. ಕೀಳರಿಮೆಯಿರುವವರು ಅಲ್ಲಿ ಪ್ರತಿ ಮೌನವನ್ನೂ ತಮ್ಮ ಮೇಲೆ ಎಳೆದುಕೊಳ್ಳುತ್ತಾರೆ. ಕೈಗೆ ಕೆಲಸವಿದ್ದರೆ ಕಣ್ಣು ಅದರ ಮೇಲಿರುತ್ತದೆ. ಮೊದಲ ಮೂರ್ನಾಲ್ಕು ಸಲ ಹೊರಗಿನವರೆನಿಸುವುದು ಸಹಜ. ಎಂಟು ಸಲ ಹೋಗುವವರೆಗೆ ತೀರ್ಮಾನ ಮಾಡುವುದಿಲ್ಲ ಎಂದು ಮೊದಲೇ ನಿರ್ಧರಿಸಿಕೊಳ್ಳಿ. ಸಾಧ್ಯವಾದರೆ ಪರಸ್ಪರ ಸಂಬಂಧವಿಲ್ಲದ ಎರಡು ಗುಂಪುಗಳಿರಲಿ. ಇರುವುದು ಒಂದೇ ಗುಂಪಾದರೆ ಅಲ್ಲಿನ ಸಣ್ಣ ಮನಸ್ತಾಪವೂ ಇಡೀ ಮಾಪಕವನ್ನು ಕೆಡವುತ್ತದೆ.

ಸೇರಿದ ಮೇಲೆ ಭರ್ತಿಯಾಗದ ಜಾಗ ಹುಡುಕಿ. ಜಾನ್ ಟೂಬಿ ಮತ್ತು ಲೀಡಾ ಕಾಸ್ಮಿಡಿಸ್ 1996ರಲ್ಲಿ 'ಬ್ಯಾಂಕರನ ವಿರೋಧಾಭಾಸ'ದ ಬಗ್ಗೆ ಬರೆದರು: ಸಾಲ ತೀರಾ ಬೇಕಾಗಿರುವವನಿಗೇ ಬ್ಯಾಂಕು ಸಾಲ ಕೊಡಲು ಹಿಂಜರಿಯುವಂತೆ, ಕಷ್ಟದಲ್ಲಿರುವವನಿಗೆ ನೆರವಾಗಲು ಗುಂಪಿಗೂ ಲೆಕ್ಕಾಚಾರ ಅಡ್ಡ ಬರುತ್ತಿತ್ತು. ಕೈಬಿಡದಂತೆ ಕಾಯುತ್ತಿದ್ದದ್ದು ಅವನ ಜಾಗವನ್ನು ಬೇರೊಬ್ಬರು ತುಂಬಲಾಗದು ಎನ್ನುವ ಸಂಗತಿ. ನಾವು ಇದನ್ನು ಬಳಸಬೇಕಾದ್ದು ಹೀಗೆ: 'ಎಲ್ಲರಿಗಿಂತ ಉತ್ತಮನಾಗುವುದು ಹೇಗೆ' ಎಂದು ಕೇಳಬೇಡಿ, 'ಇಲ್ಲಿ ಯಾರೂ ಮಾಡದೆ ಬಿಟ್ಟಿರುವುದು ಯಾವುದು' ಎಂದು ಕೇಳಿ. ಲೆಕ್ಕ ಬರೆದಿಡುವುದು, ಹೊಸಬರನ್ನು ಮಾತಾಡಿಸುವುದು, ಸಾಮಾನು ರಿಪೇರಿ, ಜಗಳವಾದಾಗ ಇಬ್ಬರ ಮಾತನ್ನೂ ಕೇಳುವುದು. ವಾರಕ್ಕೆ ಒಂದೆರಡು ಗಂಟೆಯ ಕೆಲಸ ಸಾಕು. ಕರೆದಾಗಲೆಲ್ಲ ಎಲ್ಲದಕ್ಕೂ ಹೂಂಗುಟ್ಟುವುದು ಇದಲ್ಲ; ಹಾಗೆ ಮಾಡಿದರೆ ಕೆಲಸ ಹೆಚ್ಚುತ್ತದೆಯೇ ಹೊರತು ಬೆಲೆ ಹೆಚ್ಚುವುದಿಲ್ಲ.

*ಸ್ಥಾನ.* ಜೋಸೆಫ್ ಹೆನ್ರಿಕ್ ಮತ್ತು ಫ್ರಾನ್ಸಿಸ್ಕೊ ಗಿಲ್-ವೈಟ್ 2001ರಲ್ಲಿ ಮನುಷ್ಯರಲ್ಲಿ ಮೇಲೇರಲು ಎರಡು ದಾರಿಗಳಿವೆ ಎಂದು ವಿಂಗಡಿಸಿದರು. ಒಂದು ದಬ್ಬಾಳಿಕೆ, ಭಯ ಹುಟ್ಟಿಸಿ ಪಡೆಯುವುದು. ಇನ್ನೊಂದು ಪ್ರತಿಷ್ಠೆ, ಕೌಶಲ ಕಂಡು ಜನ ತಾವಾಗಿ ಕೊಡುವುದು. ಕುಸಿದ ಆತ್ಮವಿಶ್ವಾಸವನ್ನು ಕಟ್ಟಲು ಎರಡನೆಯದೇ ಸರಿ, ಏಕೆಂದರೆ ಭಯದಿಂದ ಬಂದ ಸ್ಥಾನವನ್ನು ದಿನವೂ ಕಾಯಬೇಕು. ಒಂದೇ ಒಂದು ಕೌಶಲ ಆರಿಸಿಕೊಳ್ಳಿ: ನಿಮ್ಮ ಸುತ್ತಲಿನವರಿಗೆ ಉಪಯೋಗವಾಗುವಂಥದ್ದು, ಮೂರು ತಿಂಗಳಲ್ಲಿ ಕಣ್ಣಿಗೆ ಕಾಣುವಷ್ಟು ಸುಧಾರಿಸುವಂಥದ್ದು. ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ. ಕಲಿತದ್ದನ್ನು ತಿಂಗಳ ಕೊನೆಗೆ ಒಬ್ಬರಿಗಾದರೂ ಕಲಿಸಿ.

*ಸಂಗಾತಿ.* ಇಲ್ಲಿ ಅವಸರವೇ ಶತ್ರು. ಸಂಬಂಧ ಮುರಿದ ಕೂಡಲೇ ಡೇಟಿಂಗ್ ಆ್ಯಪ್‌ಗಳಿಗೆ ಇಳಿದರೆ, ದಿನಕ್ಕೆ ಹತ್ತಾರು ಅಪರಿಚಿತರ ಮೌನವನ್ನು ಮಾಪಕ ಹತ್ತಾರು ತಿರಸ್ಕಾರವೆಂದೇ ದಾಖಲಿಸುತ್ತದೆ. ಮೊದಲು ಸೇರಿಕೆಯನ್ನು ಗಟ್ಟಿ ಮಾಡಿ. 'ಹಣ ಮತ್ತು ರೂಪ ಇಲ್ಲದಿದ್ದರೆ ಮುಗಿಯಿತು' ಎಂದು ವಿಕಾಸವಾದದ ಹೆಸರಿನಲ್ಲಿ ಹೇಳುವವರಿಗೆ ಡೇವಿಡ್ ಬಸ್ 1989ರಲ್ಲಿ ಪ್ರಕಟಿಸಿದ, 37 ಸಂಸ್ಕೃತಿಗಳ ಅಧ್ಯಯನದ ಅರ್ಧಭಾಗ ಮಾತ್ರ ನೆನಪಿರುತ್ತದೆ. ಸಂಗಾತಿಯ ಹಣ, ರೂಪಗಳಿಗೆ ಕೊಡುವ ಬೆಲೆಯಲ್ಲಿ ಗಂಡು ಹೆಣ್ಣಿನ ನಡುವೆ ವ್ಯತ್ಯಾಸ ಕಂಡದ್ದು ನಿಜ. ದಯೆ ಮತ್ತು ಬುದ್ಧಿವಂತಿಕೆಯನ್ನು ಇಬ್ಬರೂ ಅವೆರಡಕ್ಕಿಂತ ಮೇಲಿಟ್ಟದ್ದೂ ಅದೇ ಅಧ್ಯಯನದಲ್ಲಿದೆ.

ಹೋಲಿಕೆಯ ವಿಷಯ ಚಿಕ್ಕದು. ನೋಡಿದ ಮೇಲೆ ಮುಳ್ಳು ಇಳಿಯುತ್ತದೆ ಎಂದು ದಾಖಲೆಯಲ್ಲಿ ಬಂದಿರುವ ಖಾತೆಗಳನ್ನು ಅನುಸರಿಸುವುದು ನಿಲ್ಲಿಸಿ. ಉಳಿದದ್ದಕ್ಕೆ ದಿನಕ್ಕೆ 20 ನಿಮಿಷದ ಮಿತಿ, ಮಲಗುವ ಮುಂಚಿನ ಒಂದು ಗಂಟೆ ಪೂರ್ತಿ ನಿಷಿದ್ಧ.

ಆತ್ಮವಿಶ್ವಾಸಕ್ಕೆ ಏಣಿ

ಸ್ವಮೌಲ್ಯ ಬೇರೆ, 'ಇದನ್ನು ನಾನು ಮಾಡಬಲ್ಲೆ' ಎಂಬ ನಂಬಿಕೆ ಬೇರೆ. ಎರಡನೆಯದನ್ನು ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿ, ಅದಕ್ಕೆ ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಗೆದ್ದದ್ದನ್ನು ಕಂಡದ್ದು, ಇತರರ ಪ್ರೋತ್ಸಾಹ, ದೇಹದ ಸ್ಥಿತಿ. ಮೊದಲನೆಯದೇ ಎಲ್ಲಕ್ಕಿಂತ ಬಲವಾದದ್ದು.

ಹೆದರಿ ತಪ್ಪಿಸಿಕೊಳ್ಳುತ್ತಿರುವ ಎಂಟು ಹತ್ತು ಸನ್ನಿವೇಶಗಳನ್ನು ಬರೆದು, ಪ್ರತಿಯೊಂದಕ್ಕೂ 0ರಿಂದ 100ರವರೆಗೆ ಭಯದ ಅಂಕ ಕೊಡಿ. 30ರ ಸುತ್ತಮುತ್ತ ಇರುವುದರಿಂದ ಆರಂಭಿಸಿ. 10ರದ್ದನ್ನು ಮಾಡಿದರೆ ಗೆದ್ದ ಭಾವವೇ ಬರುವುದಿಲ್ಲ. 80ಕ್ಕೆ ಜಿಗಿದು ಸೋತರೆ ಮಾಪಕ ಅದನ್ನು ಪುರಾವೆಯಾಗಿ ಇಟ್ಟುಕೊಳ್ಳುತ್ತದೆ. ಮಾಡುವ ಮುಂಚೆ ಏನಾಗುತ್ತದೆ ಎಂದು ಭಯಪಡುತ್ತೀರೋ ಅದನ್ನು ಒಂದು ಸಾಲಿನಲ್ಲಿ ಬರೆಯಿರಿ, ಮಾಡಿದ ಮೇಲೆ ನಿಜವಾಗಿ ಆದದ್ದನ್ನು ಅದರ ಕೆಳಗೆ ಬರೆಯಿರಿ. ಈ ಎರಡು ಸಾಲುಗಳ ನಡುವಿನ ಅಂತರವೇ ಔಷಧಿ. ಒಂದೇ ಮೆಟ್ಟಿಲನ್ನು ವಾರದಲ್ಲಿ ಮೂರು ಸಲ ಮಾಡಿ, ಭಯದ ಅಂಕ ಸುಮಾರು ಅರ್ಧಕ್ಕಿಳಿದ ಮೇಲೆ ಮುಂದಿನದು.

ಮಾಡಲು ಹೊರಟಾಗ ಕಾಲು ಹಿಂದೆ ಸರಿಯುತ್ತಿದ್ದರೆ ಪೀಟರ್ ಗೋಲ್‌ವಿಟ್ಜರ್ ಅಧ್ಯಯನ ಮಾಡಿದ 'ಹೀಗಾದರೆ ಹೀಗೆ' ಎಂಬ ಸೂತ್ರ ಬಳಸಿ: 'ಸಭೆಯಲ್ಲಿ ಎರಡನೆಯ ವಿಷಯ ಬಂದಾಗ ನಾನು ಒಂದು ಪ್ರಶ್ನೆ ಕೇಳುತ್ತೇನೆ.' ಸಮಯ ಮತ್ತು ಕೆಲಸ ಎರಡೂ ನಿಖರವಾಗಿರಬೇಕು. 'ಇನ್ನು ಮೇಲೆ ಧೈರ್ಯವಾಗಿ ಮಾತಾಡುತ್ತೇನೆ' ಎನ್ನುವುದು ಯೋಜನೆಯಲ್ಲ.

ಏಣಿ ಹತ್ತಿದರೂ ಭಯ ಇಳಿಯದಿದ್ದರೆ ಸಾಮಾನ್ಯವಾಗಿ ಕಾರಣ ಗುಟ್ಟಿನ ಊರುಗೋಲು: ಪ್ರತಿ ವಾಕ್ಯವನ್ನೂ ಮೊದಲೇ ಬಾಯಿಪಾಠ ಮಾಡುವುದು, ಫೋನ್ ಹಿಡಿದು ನಿಲ್ಲುವುದು, ಬಾಗಿಲ ಪಕ್ಕದಲ್ಲೇ ಕೂರುವುದು. 'ಊರುಗೋಲು ಇದ್ದದ್ದರಿಂದ ಬಚಾವಾದೆ' ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಒಂದೊಂದಾಗಿ ಅವನ್ನು ಬಿಡಬೇಕು.

ಎಡವುವ ಜಾಗಗಳು

ಕನ್ನಡಿ ಮುಂದೆ ನಿಂತು 'ನಾನು ಪ್ರೀತಿಗೆ ಯೋಗ್ಯ' ಎಂದು ಹೇಳಿಕೊಳ್ಳುವುದು: ಜೋಆ್ಯನ್ ವುಡ್ ಮತ್ತು ಸಂಗಡಿಗರ 2009ರ ಪ್ರಯೋಗದಲ್ಲಿ ಸ್ವಮೌಲ್ಯ ಕಡಿಮೆ ಇದ್ದವರಿಗೆ ಇಂಥ ಮಾತಿನಿಂದ ಇನ್ನಷ್ಟು ಬೇಸರವಾಯಿತು. ನಂಬದ ಮಾತನ್ನು ಹೇಳಿದಾಗ ಮನಸ್ಸು ಎದುರು ಸಾಕ್ಷಿ ತರುತ್ತದೆ. ಬದಲಿಗೆ ದಾಖಲೆಯ ಪ್ಲಸ್ ಸಾಲುಗಳನ್ನು ಓದಿ, ಅವು ನಡೆದ ಸಂಗತಿಗಳು.

ಪದೇಪದೇ ಭರವಸೆ ಕೇಳುವುದು: 'ನನ್ನ ಮೇಲೆ ಕೋಪವಿಲ್ಲ ತಾನೇ?' ಎಂದು ದಿನವೂ ಕೇಳಿದರೆ ಮುಳ್ಳು ಐದು ನಿಮಿಷ ಮೇಲೇರುತ್ತದೆ, ಎದುರಿನವರು ನಿಜವಾಗಿಯೇ ಬೇಸತ್ತು ದೂರ ಸರಿಯುತ್ತಾರೆ. ಕೇಳಬೇಕೆನಿಸಿದಾಗ ಒಂದು ದಿನ ಮುಂದೂಡಿ.

ಎದೆಯುಬ್ಬಿಸಿ ನಿಲ್ಲುವ 'ಪವರ್ ಪೋಸ್': 2010ರಲ್ಲಿ ಇದು ಹಾರ್ಮೋನುಗಳನ್ನೇ ಬದಲಿಸುತ್ತದೆ ಎಂಬ ವರದಿ ಬಂತು. 2015ರಲ್ಲಿ ಹೆಚ್ಚು ಜನರ ಮೇಲೆ ಮತ್ತೆ ಪರೀಕ್ಷಿಸಿದಾಗ ಹಾರ್ಮೋನಿನಲ್ಲಾಗಲಿ ನಡವಳಿಕೆಯಲ್ಲಾಗಲಿ ಪರಿಣಾಮ ಕಾಣಲಿಲ್ಲ. ನೆಟ್ಟಗೆ ನಿಲ್ಲುವುದರಿಂದ ನಷ್ಟವೇನಿಲ್ಲ, ಅಷ್ಟೇ.

ಇನ್ನು 'ಆಲ್ಫಾ', ಅಂದರೆ ಗುಂಪಿನಲ್ಲಿ ಎಲ್ಲರ ಮೇಲೆ ಅಧಿಕಾರ ನಡೆಸುವವನು, ಆಗುವ ತರಬೇತಿ. ಈ ಪದಕ್ಕೆ ಪ್ರಚಾರ ಸಿಕ್ಕಿದ್ದರಲ್ಲಿ ತೋಳಗಳ ಅಧ್ಯಯನದ ಪಾಲು ದೊಡ್ಡದು. 1970ರ ತನ್ನ ಪುಸ್ತಕದಲ್ಲಿ ಅದನ್ನು ಬಳಸಿದ್ದ ತೋಳತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ, ಕಾಡಿನ ತೋಳಗಳ ಹಿಂಡು ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಕುಟುಂಬ, ಅಲ್ಲಿ ಆ ಪದ ಹೊಂದುವುದಿಲ್ಲ ಎಂದು ಬರೆದರು. ಹೀಗಿದ್ದೂ ಅದರ ಮೇಲೆ ದುಬಾರಿ ಕೋರ್ಸುಗಳು ನಡೆಯುತ್ತಿವೆ.

'ಇದು ವಿಕಾಸದಿಂದ ಬಂದದ್ದು, ಬದಲಾಗದು' ಎಂಬುದೂ ತಪ್ಪು ಓದು. ಅಳೆಯುವ ವ್ಯವಸ್ಥೆ ಹುಟ್ಟಿನಿಂದ ಬಂದಿರಬಹುದು. ಅಳತೆ ದಿನದಿನವೂ ಬದಲಾಗುತ್ತದೆ, ಅದಿರುವುದೇ ಬದಲಾಗಲಿಕ್ಕೆ.

ಪ್ರಗತಿ ನೋಡುವುದು, ನೆರವು ಪಡೆಯುವುದು

ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ರೂಪಿಸಿದ ಹತ್ತು ವಾಕ್ಯಗಳ ಸ್ವಮೌಲ್ಯ ಮಾಪನ ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಆರಂಭದಲ್ಲಿ, ಆರನೆಯ ವಾರ, ಹನ್ನೆರಡನೆಯ ವಾರ, ಹೀಗೆ ಮೂರು ಸಲ ತುಂಬಿದರೆ ಸಾಕು. ದಿನವೂ ತುಂಬಿದರೆ ಅದೇ ಇನ್ನೊಂದು ಆತಂಕವಾಗುತ್ತದೆ. ಅದಕ್ಕಿಂತ ಮೊದಲು ಬದಲಾವಣೆ ಕಾಣುವುದು ದಾಖಲೆಯಲ್ಲಿ: ಮೈನಸ್ ಸಾಲುಗಳ ಸಂಖ್ಯೆ ಅಷ್ಟೇ ಇರುತ್ತದೆ, ಆದರೆ ಮೈನಸ್ 3ರಿಂದ ಸೊನ್ನೆಗೆ ಬರಲು ಎರಡು ದಿನ ಬೇಕಾಗಿದ್ದದ್ದು ಎರಡು ಗಂಟೆಗೆ ಇಳಿಯುತ್ತದೆ. ಆ ಅವಧಿಯನ್ನು ಬರೆದಿಡಿ.

ಎರಡು ವಾರಕ್ಕೂ ಮೀರಿ ಹೆಚ್ಚಿನ ದಿನಗಳಲ್ಲಿ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಮತ್ತು ಹಸಿವು ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು. ಮನೋವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ಕಾಣಿ. ಈ ಅಭ್ಯಾಸಗಳನ್ನು ಚಿಕಿತ್ಸೆಯ ಜೊತೆಗೂ ಮಾಡಬಹುದು. ಸಾಯಬೇಕೆಂಬ ಯೋಚನೆ ಬಂದರೆ ಎರಡು ವಾರ ಕಾಯುವಂತಿಲ್ಲ, ಅಂದೇ ಒಬ್ಬರಿಗೆ ಹೇಳಿ ಆಸ್ಪತ್ರೆಗೆ ಹೋಗಬೇಕು. ದಿನವೂ ಅವಮಾನ, ಬೆದರಿಕೆ, ಹೊಡೆತ ಇರುವ ಮನೆಯಲ್ಲೋ ಕೆಲಸದಲ್ಲೋ ಇರುವವರು ಏಣಿಯನ್ನು ಸದ್ಯಕ್ಕೆ ಬದಿಗಿಡಲಿ. ಅಲ್ಲಿ ಎಚ್ಚರಿಕೆಯ ಯಂತ್ರ ಸರಿಯಾಗಿಯೇ ಕೂಗುತ್ತಿದೆ. ಮೊದಲ ಹೆಜ್ಜೆ ಸುರಕ್ಷಿತ ಜಾಗ, ನಂಬುವ ಇಬ್ಬರು ಮನುಷ್ಯರು, ಕೈಯಲ್ಲಿ ಸ್ವಲ್ಪ ಹಣ ಮತ್ತು ದಾಖಲೆಪತ್ರಗಳು.